ಹರಳೆಣ್ಣೆ ಬೇಡ, ಫೋನ್ ಮಾಡಿ: ಬ್ರಿಟನ್ನಿನಲ್ಲಿ ಬೆಕ್ಕು ಸಾಕುವ ನಮ್ಮವರಿಗೆ

ಹೋದ ಮೇ ತಿಂಗಳು ರಜೆಗೆ ರಾಯಚೂರಿಗೆ ಬಂದಿದ್ದೆ. ತೀನ್ ಕಂದೀಲ್ ಹತ್ತಿರದ ನಮ್ಮ ಮನೆಯ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು, ನೆಲದ ಕಾವು ಯಾವಾಗ ಇಳಿಯುತ್ತದೋ ಅಂತ ಹೊರಳಾಡುತ್ತಿದ್ದೆ. ರಾತ್ರಿ 11ಕ್ಕೆ ಫೋನ್ ಬಂತು. ಮ್ಯಾಂಚೆಸ್ಟರಿಗೆ ಹೋಗಿ ವರ್ಷವೂ ಆಗದ ಕೊಪ್ಪಳದ ಹುಡುಗ. ಅಲ್ಲಿ ಆಗ ಸಂಜೆ ಆರೂವರೆ.

"ಅಣ್ಣಾ, ಬೆಕ್ಕು ಮುಂಜಾನೆಯಿಂದ ಟ್ರೇದಾಗ ಕುಂತು ತಿಣುಕಾಕತ್ತದ. ಒದರ್ತದ. ಹೊಟ್ಟಿ ಕಟ್ಟಿರಬೇಕು. ಹರಳೆಣ್ಣಿ ಹಾಕ್ಲ್ಯಾ?"

ಟ್ರೇ ಅಂದರೆ ಮನೆಯೊಳಗೆ ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆ. ಗಂಡೋ ಹೆಣ್ಣೋ ಅಂದೆ. ಗಂಡು ಅಂದ. ಎದ್ದು ಕೂತೆ. ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ಲೀಡ್ಸ್‌ನಿಂದ ನಾನು ನಮ್ಮ ಅಮ್ಮನಿಗೆ ಕೇಳಿದ್ದೆ. ಅಮ್ಮ ಹಾಕು ಅಂದಿದ್ದಳು, ನಾನು ಹಾಕಿದ್ದೆ. ಅದರಿಂದ 5 ಗಂಟೆ ಸುಮ್ನೆ ಹಾಳಾಯಿತು.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಮರಳಿನಂಥ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮುಚ್ಚಿಹೋಗುತ್ತದೆ. ನೋಡುವವರಿಗೆ ಮಲಬದ್ಧತೆ ಥರ ಕಾಣುತ್ತದೆ. ಆದರೆ ಒಳಗೆ ಮೂತ್ರಚೀಲ ಉಬ್ಬುತ್ತಾ ಹೋಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಇದಕ್ಕೆ ಒಂದೆರಡು ದಿನ ಸಾಕು. ನಾಳೆ ಬೆಳಿಗ್ಗೆ ನೋಡೋಣ ಅನ್ನುವ ಕಾಯಿಲೆ ಅಲ್ಲವೇ ಅಲ್ಲ. ಹೊಟ್ಟೆ ನೀವಲೂ ಬೇಡಿ, ಚೀಲ ಒಡೆಯಬಹುದು.

ಬೆಕ್ಕು ಎಲ್ಲಿ ಸಿಗುತ್ತದೆ, ಏನು ತಿನ್ನಿಸಬೇಕು, ಚಿಪ್ ಎಲ್ಲಿ ಹಾಕಿಸಬೇಕು ಅನ್ನೋದನ್ನೆಲ್ಲ ನೀವೇ ಹುಡುಕಿಕೊಂಡಿರುತ್ತೀರಿ. ನಾನು ಹೇಳುವುದು ಗಾಬರಿಯ ರಾತ್ರಿಯ ಬಗ್ಗೆ, ಆಮೇಲೆ ಬರುವ ಬಿಲ್ಲಿನ ಬಗ್ಗೆ.

ನಮ್ಮೂರಲ್ಲಿ ಹೇಗೆ? ಬೆಕ್ಕನ್ನು ಚೀಲದಲ್ಲೋ ಬುಟ್ಟಿಯಲ್ಲೋ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ ಎಮ್ಮೆ, ಆಡುಗಳ ನಡುವೆ ನಿಂತುಬಿಡುತ್ತೇವೆ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿಯೂ ಇದೆ, ಜಾಸ್ತಿ ಓಡಾಡುವುದು ದನಕರುಗಳಿಗೇ ಆದರೂ. ಬ್ರಿಟನ್ನಿನಲ್ಲಿ ಹೀಗೆ ಎತ್ತಿಕೊಂಡು ಓಡಬೇಡಿ, ಮೊದಲು ಫೋನ್ ಮಾಡಿ. ಅಲ್ಲಿನ ಆರೋಗ್ಯ ಸಹಾಯವಾಣಿ 111, ತುರ್ತು ನಂಬರ್ 999 ಎರಡೂ ಮನುಷ್ಯರಿಗೆ. ನೀವು ಹೆಸರು ಬರೆಸಿದ ವೆಟ್ ಕ್ಲಿನಿಕ್ಕಿಗೆ ಮಾಡಬೇಕು. ಸಂಜೆ ಆರೂವರೆ, ಏಳಕ್ಕೆ ಅವರು ಬಾಗಿಲು ಹಾಕಿರುತ್ತಾರೆ. ಆಗ ರೆಕಾರ್ಡ್ ಮಾಡಿದ ದನಿಯೊಂದು ಬೇರೆ ನಂಬರ್ ಹೇಳುತ್ತದೆ. ನಾನು ಆ ದನಿ ಕೇಳಿ ಫೋನ್ ಇಟ್ಟುಬಿಟ್ಟಿದ್ದೆ. ಕ್ಲಿನಿಕ್ ಮುಚ್ಚಿದೆ ಅಂದುಕೊಂಡೆ. ಕೊನೆತನಕ ಕೇಳಿ, ನಂಬರ್ ಬರೆದುಕೊಳ್ಳಿ.

ಅಲ್ಲಿನ ಪಶುವೈದ್ಯರ ನಿಯಮದ ಪ್ರಕಾರ ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಕಡಿಮೆ ಮಾಡುವ ಏರ್ಪಾಡು 24 ಗಂಟೆಯೂ ಇರಬೇಕು. ಆದರೆ ಅದನ್ನು ನಿಮ್ಮ ಡಾಕ್ಟರೇ ಮಾಡಬೇಕು ಅಂತಿಲ್ಲ, ಪುಕ್ಕಟೆ ಮಾಡಬೇಕು ಅಂತಂತೂ ಇಲ್ಲವೇ ಇಲ್ಲ. ರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಕಳಿಸಬಹುದು. ಬೆಕ್ಕನ್ನು ಮುಟ್ಟಿ ನೋಡಲಿಕ್ಕೇ 200, 300 ಪೌಂಡ್ ಕೇಳಬಹುದು. ಎನ್‌ಎಚ್‌ಎಸ್, ಅಂದರೆ ಮನುಷ್ಯರಿಗಿರುವ ಸರ್ಕಾರಿ ಆರೋಗ್ಯ ಸೇವೆ, ನೋಡಿ ಅಭ್ಯಾಸವಾದ ನಮಗೆ ಇದು ಕಪಾಳಕ್ಕೆ ಹೊಡೆದ ಹಾಗೆ.

ಫೋನಿನಲ್ಲಿ ಸುತ್ತಿ ಬಳಸಿ ಹೇಳಬೇಡಿ. "ಗಂಡು ಬೆಕ್ಕು, ತಿಣುಕುತ್ತಿದೆ, ಬೆಳಿಗ್ಗೆಯಿಂದ ಒಂದು ಹನಿ ಮೂತ್ರ ಇಲ್ಲ" ಅನ್ನಿ, ಸಾಕು. ಆ ಕಡೆಯವರೇ 'ಬ್ಲಾಕ್ಡ್' ಅನ್ನುತ್ತಾರೆ, ಈಗಲೇ ತನ್ನಿ ಅನ್ನುತ್ತಾರೆ. ನಾನು "ಯಾಕೋ ಸ್ವಲ್ಪ ಡಲ್ ಆಗಿದೆ" ಅಂದಿದ್ದೆ. ನಮ್ಮ ಕಡೆ ಸಾಯೋ ಹಾಗಿದ್ದರೂ "ಸ್ವಲ್ಪ ಆರಾಮಿಲ್ಲ" ಅನ್ನೋದು ಅಲ್ವಾ? ಅವರು ನಾಳೆ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಕೊಟ್ಟರು.

ಇನ್ನೂ ಕೆಲವಕ್ಕೆ ಹೀಗೇ ತಡ ಮಾಡುವ ಹಾಗಿಲ್ಲ. ಬೆಕ್ಕು ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡುವುದು. ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ಪಾದ ತಣ್ಣಗಾಗುವುದು, ಇದು ಹೃದಯದಿಂದ ಹೊರಟ ರಕ್ತದ ಗಡ್ಡೆ ಇರಬಹುದು. ಒಸಡು ಬಿಳಿಚಿಕೊಳ್ಳುವುದು, ನೀಲಿಗಟ್ಟುವುದು. ಫಿಟ್ಸ್ ನಿಲ್ಲದೇ ಇರುವುದು. ಬಾಯಿಂದ ದಾರ ಜೋತಾಡುತ್ತಿದ್ದರೆ ಎಳೆಯಬೇಡಿ, ಇನ್ನೊಂದು ತುದಿ ಕರುಳಲ್ಲಿ ಸಿಕ್ಕಿರಬಹುದು.

ನಮ್ಮವರು ಮಾಡುವ ಎರಡು ಅನಾಹುತಗಳನ್ನು ಮಾತ್ರ ಬೇರೆಯಾಗಿ ಹೇಳಬೇಕು. ಬಳ್ಳಾರಿಯ ಗೆಳೆಯನೊಬ್ಬ ಬೆಕ್ಕಿನ ಮೈ ಬಿಸಿ ಇದೆ ಅಂತ ಊರಿಂದ ತಂದ ಡೋಲೋದಲ್ಲಿ ಅರ್ಧ ಮುರಿದು ಕೊಟ್ಟ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಅರಗಿಸುವ ಶಕ್ತಿ ಅದರ ಲಿವರಿಗಿಲ್ಲ. ಬೆಕ್ಕು ಉಳಿದದ್ದು ಅವನು ನಾಚಿಕೆ ಬಿಟ್ಟು ಒಂದು ಗಂಟೆಯೊಳಗೆ ಡಾಕ್ಟರಿಗೆ ನಿಜ ಹೇಳಿದ್ದರಿಂದ. ಇನ್ನೊಂದು ಲಿಲ್ಲಿ ಹೂವು. ವರಮಹಾಲಕ್ಷ್ಮಿಗೆ ಮಲ್ಲಿಗೆ ಸಿಗಲಿಲ್ಲ ಅಂತ ಸೂಪರ್‌ಮಾರ್ಕೆಟ್ಟಿನಿಂದ ಹೂಗುಚ್ಛ ತರುತ್ತೇವೆ. ಅದರಲ್ಲಿ ಲಿಲ್ಲಿ ಇದ್ದರೆ ಮೈಗೆ ಅಂಟಿದ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ವಿಷ ಅನ್ನಿಸಿದರೆ 24 ಗಂಟೆಯ ಅನಿಮಲ್ ಪಾಯ್ಸನ್ ಲೈನ್ ಇದೆ. ಅದಕ್ಕೂ ದುಡ್ಡು ಕೊಡಬೇಕು, ಆದರೆ ಕೊಟ್ಟಿದ್ದು ದಂಡವಲ್ಲ.

ಈಗ ನನ್ನ ಎರಡೂವರೆ ಲಕ್ಷದ ಕಥೆ.

ಬೆಕ್ಕು ತಂದ ವಾರಕ್ಕೆ ಮೊದಲ ಚೆಕಪ್ಪಿಗೆ ಒಯ್ದೆ. ಡಾಕ್ಟರಮ್ಮ ಒಳ್ಳೆಯವರು, ಮಾತು ಬೆಳೆಯಿತು. "ಕೆಲವು ಸಲ ಟ್ರೇಯಲ್ಲಿ ಬಹಳ ಹೊತ್ತು ಕೂರುತ್ತದೆ" ಅಂದೆ. ಅವರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಆದರೆ ಕಂಪ್ಯೂಟರಿನಲ್ಲಿ ಒಂದು ಸಾಲು ಹೊಡೆದರು: ತಿಣುಕುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಅದು ನನಗೆ ಗೊತ್ತೇ ಆಗಲಿಲ್ಲ. ಮೂರು ವಾರ ಬಿಟ್ಟು ನಿಧಾನಕ್ಕೆ ಇನ್ಶೂರೆನ್ಸ್ ಮಾಡಿಸಿದೆ. ಏಳು ತಿಂಗಳ ಮೇಲೆ ಮೂತ್ರ ಕಟ್ಟಿತು. ನಳಿಗೆ ಹಾಕಿ, ಡ್ರಿಪ್ ಕೊಟ್ಟು, ಮೂರು ರಾತ್ರಿ ಇಟ್ಟುಕೊಂಡರು. ಬಿಲ್ 2,340 ಪೌಂಡ್.

ಕ್ಲೇಮ್ ಹಾಕಿದೆ. ಕಂಪನಿಯವರು ಕ್ಲಿನಿಕ್ಕಿನಿಂದ ಬೆಕ್ಕಿನ ಪೂರ್ತಿ ಚರಿತ್ರೆ ತರಿಸಿದರು. ಆ ಸಾಲು ಸಿಕ್ಕಿತು. ಪಾಲಿಸಿಗಿಂತ ಮೊದಲೇ ಇದ್ದ ತೊಂದರೆ, ಕೊಡುವುದಿಲ್ಲ ಅಂದರು. ಕಾಯಿಲೆ ಅಂತ ಯಾರೂ ಹೇಳಿರಲಿಲ್ಲವಲ್ಲ ಅಂದೆ. ಕಾಯಿಲೆಯ ಹೆಸರು ಬೇಕಿಲ್ಲ, ಲಕ್ಷಣ ಬರೆದಿದ್ದರೆ ಸಾಕು. ಮೂತ್ರಕ್ಕೆ ಸಂಬಂಧಪಟ್ಟ ಎಲ್ಲವನ್ನೂ ಪಾಲಿಸಿಯಿಂದ ತೆಗೆದೇಬಿಟ್ಟರು.

ಆದ್ದರಿಂದ ಬೆಕ್ಕು ಮನೆಗೆ ಬಂದ ದಿನವೇ ಇನ್ಶೂರೆನ್ಸ್ ಮಾಡಿಸಿ. ಚೆಕಪ್ಪಿಗಿಂತ ಮೊದಲು. ಸಾಮಾನ್ಯವಾಗಿ ಕಾಯಿಲೆಗಳಿಗೆ ಮೊದಲ 14 ದಿನ ರಕ್ಷಣೆ ಇರುವುದಿಲ್ಲ, ಆ ದಿನಗಳಲ್ಲಿ ಕಂಡದ್ದೂ ಹೊರಗೇ. ಡಾಕ್ಟರಿಗೆ ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ಸಾಯುವುದು ಬೆಕ್ಕೇ. ಕ್ಲಿನಿಕ್ಕಿನಲ್ಲಿ ಬೆಕ್ಕಿನ ದಾಖಲೆಯ ಪ್ರತಿ ಕೇಳಿ ಓದಿ. 'ಲೈಫ್‌ಟೈಮ್' ಪಾಲಿಸಿ ತಗೊಳ್ಳಿ, ಅದರಲ್ಲಿ ಅವರು ಕೊಡುವ ಹಣದ ಮಿತಿ ಪ್ರತಿ ವರ್ಷ ಹೊಸದಾಗುತ್ತದೆ. ಅಗ್ಗದ ಕೆಲವು ಪಾಲಿಸಿಗಳು ಒಂದು ಕಾಯಿಲೆಗೆ 12 ತಿಂಗಳು ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಇನ್ನೂ ಅಗ್ಗದ್ದು ಅಪಘಾತಕ್ಕೆ ಮಾತ್ರ. ಮಧ್ಯೆ ಕಂಪನಿ ಬದಲಿಸಿದರೆ ಹಳೇ ಕಾಯಿಲೆಗಳೆಲ್ಲ 'ಮೊದಲೇ ಇದ್ದದ್ದು' ಆಗಿಬಿಡುತ್ತವೆ.

ಇನ್ನೊಂದು ತಪ್ಪೂ ಮಾಡಿದೆ. ಕಂಪನಿ ಕೊಡದಿದ್ದರೆ ಮೊದಲು ಅವರಿಗೇ ದೂರು ಕೊಡಬೇಕು, 8 ವಾರದೊಳಗೆ ಅವರು ಉತ್ತರಿಸಬೇಕು. ಅದೂ ಒಪ್ಪಿಗೆಯಾಗದಿದ್ದರೆ ಇಂಥ ಕಂಪನಿಗಳ ಮೇಲಿನ ದೂರು ಕೇಳುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಖರ್ಚಿಲ್ಲ. ಆದರೆ ಕೊನೆಯ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು. ನಾನು ಸಿಟ್ಟಿನಲ್ಲಿ ಆ ಕಾಗದವನ್ನು ಡ್ರಾಯರಿಗೆ ಎಸೆದಿದ್ದೆ. ಮನೆ ಬದಲಿಸುವಾಗ ಕೈಗೆ ಸಿಕ್ಕಿತು, ಅಷ್ಟರಲ್ಲಿ 8 ತಿಂಗಳು.

ಪಿಡಿಎಸ್‌ಎ, ಬ್ಲೂ ಕ್ರಾಸ್‌ನಂಥ ದತ್ತಿ ಆಸ್ಪತ್ರೆಗಳಿವೆಯಲ್ಲ ಅಂತ ಹೊಸಬರು ಕೇಳುತ್ತಾರೆ. ಅವು ಮುಖ್ಯವಾಗಿ ಸರ್ಕಾರದ ನೆರವಿನ ಹಣದಲ್ಲಿ ಬದುಕುವವರಿಗೆ. ನಮ್ಮಲ್ಲಿ ಹೆಚ್ಚಿನವರ ವೀಸಾದಲ್ಲಿ ಆ ನೆರವು ಪಡೆಯುವ ಹಾಗಿಲ್ಲ ಅಂತಲೇ ಬರೆದಿರುತ್ತದೆ. ಅದನ್ನು ನಂಬಿ ಕೂರಬೇಡಿ.

ಒಂದು ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಖರ್ಚಿನ ಅಂದಾಜು ಕೊಡುವಾಗಲೇ ಮೆಲ್ಲಗೆ 'ಮಲಗಿಸುವ' ವಿಷಯ ತೆಗೆಯುತ್ತಾರೆ. ಅಂದರೆ ಇಂಜೆಕ್ಷನ್ ಕೊಟ್ಟು ಸಾಯಿಸುವುದು. ನಾನು ಜಗಳಕ್ಕೇ ನಿಂತಿದ್ದೆ. ಆಮೇಲೆ ತಿಳಿಯಿತು, ನೋವಿನಲ್ಲಿ ಬಿಡಬಾರದು ಅನ್ನುವುದು ಅವರ ಲೆಕ್ಕ. ಅದರಲ್ಲಿ ಕೇಡಿಲ್ಲ. ಅಂದಾಜನ್ನು ಬರಹದಲ್ಲಿ ಕೇಳಿ, ಯಾವ ಪರೀಕ್ಷೆ ಈಗಲೇ ಬೇಕು, ಯಾವುದು ನಾಳೆಗೆ ನಡೆಯುತ್ತದೆ ಅಂತಲೂ ಕೇಳಿ. ಅವರೇನೂ ತಪ್ಪು ತಿಳಿಯುವುದಿಲ್ಲ.

ಯಾವ ಪದ್ಧತಿ ಮೇಲು? ರಾತ್ರಿ ಎರಡಕ್ಕೆ ಬೆಕ್ಕಿನ ಮೂತ್ರನಾಳಕ್ಕೆ ನಳಿಗೆ ಹಾಕುವವರು ಬೇಕೆಂದರೆ ಬ್ರಿಟನ್ನೇ ಮೇಲು. ಆದರೆ ಬಾಯಿಬಿಟ್ಟು ಆಡಿದ ಮಾತನ್ನು ಏಳು ತಿಂಗಳ ಮೇಲೆ ಎದುರಿಗೆ ಹಿಡಿಯುವುದನ್ನು ರಾಯಚೂರಿನ ಯಾವ ಪಶುವೈದ್ಯರಲ್ಲೂ ನಾನು ಕಂಡಿಲ್ಲ. ಬಿಲ್ಲಿನ ಮೊತ್ತ ಕೇಳಿ ಅಮ್ಮ ಅಂದದ್ದು ಇಷ್ಟೇ: "ಆ ರೊಕ್ಕದಾಗ ಎರಡು ಎಮ್ಮಿ ಬರ್ತಿದ್ವಲ್ಲೋ!"

ಕೊಪ್ಪಳದ ಹುಡುಗ ಎಣ್ಣೆ ಹಾಕಲಿಲ್ಲ, ಅರ್ಧ ಗಂಟೆಯಲ್ಲಿ ಟ್ಯಾಕ್ಸಿ ಹತ್ತಿದ. ಮೂರನೇ ದಿನ ಟ್ರೇಯ ಫೋಟೋ ಕಳಿಸಿದ, ಒದ್ದೆ ಮರಳಿನದು. ಅಷ್ಟು ಖುಷಿಯಿಂದ ಅಂಥ ಫೋಟೋ ನೋಡಿದ್ದು ಅದೇ ಮೊದಲು. ಇನ್ಶೂರೆನ್ಸ್ ಇತ್ತೇನೋ ಅಂದೆ. "ಮುಂದಿನ ತಿಂಗಳು ಮಾಡ್ಸೋಣ ಅಂದಿದ್ದೆ ಅಣ್ಣಾ" ಅಂದ. ಬಿಲ್ ಎಷ್ಟಾಯಿತು ಅಂತ ಊರಲ್ಲಿ ಹೇಳಬೇಡ ಅಂದ. ಮಾರನೇ ವಾರ ಅವರಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಬೆಕ್ಕು ಹೇಗಿದೆಯಂತೆ ಅಂತ ಕೇಳಿದರು. ಆರಾಮಿದೆ ಅಂದೆ.