‘ಎಂತಾ ಸುದ್ದಿ?’ ಅಂದರೆ ಸುದ್ದಿ ಕೇಳಿದ್ದಲ್ಲ

ಶಿರಸಿ ಕಡೆ ಯಾರೇ ಎದುರಾದರೂ ಮೊದಲು ಕೇಳುವುದು ‘ಎಂತಾ ಸುದ್ದಿ?’ ಅಂತ. 29 ವರ್ಷದವರೆಗೂ ನಾನು ಅದನ್ನು ನಿಜವಾದ ಪ್ರಶ್ನೆ ಅಂತಲೇ ತಿಳಿದಿದ್ದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಹಾಗಾಗಿ ಸುದ್ದಿಗೇನೂ ಬರವಿಲ್ಲ. ರಾಶಿ, ಬೆಟ್ಟೆ, ಕೆಂಪುಗೋಟು, ಚಾಲಿ ಅಂತ ಅಡಿಕೆಯಲ್ಲೇ ಹಲವು ಬಗೆ. ರಾಶಿ ಎಷ್ಟಕ್ಕೆ ಹೋಯಿತು, ಬೆಟ್ಟೆ ಯಾಕೆ ಇಳಿಯಿತು, ಕೆಂಪುಗೋಟು ಹೋದ ವರ್ಷ ಇದೇ ವಾರ ಎಷ್ಟಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಮಾವನಿಗೆ ಇದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರ ಯಲ್ಲಾಪುರದ ಬಸ್ಸು ಹೋಗಿಯೇಬಿಟ್ಟಿತು. ಅವರು ಮೂರ್ನಾಲ್ಕು ಸಲ ಬಸ್ಸಿನ ಕಡೆ ನೋಡಿದ್ದರಂತೆ. ನಾನು ನೋಡುತ್ತಿದ್ದದ್ದು ಅವರ ಅಂಗಿಯ ಗುಂಡಿಯನ್ನ.

ಇದು ಆಟಿಸಂ, ಅಂದರೆ ಎದುರಿನವರ ಮಾತು, ಮುಖದ ಇಂಗಿತ ಹಿಡಿಯುವುದು ಹುಟ್ಟಿನಿಂದಲೇ ಕಷ್ಟವಾಗುವ ಮಿದುಳಿನ ಸ್ವಭಾವ, ಅಂತ ಗೊತ್ತಾಗಿದ್ದು ಆಮೇಲೆ. ಆ ಕಥೆ ಇಲ್ಲಿ ಬೇಡ.

ಜನರೊಡನೆ ಮಾತಾಡಿ ಬೆರೆಯುವುದನ್ನು ಕಲಿಯೋಣ ಅಂತ ಹುಡುಕಿದಾಗ ಸಿಕ್ಕಿದ್ದು ‘ಪೀರ್ಸ್’ ಎಂಬ ತರಬೇತಿ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ್ದು. ನಾಲ್ಕು ಜನ ಮಾತಾಡುತ್ತಿದ್ದರೆ ನಡುವೆ ಹೇಗೆ ಸೇರಿಕೊಳ್ಳಬೇಕು ಅನ್ನೋದನ್ನೂ ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳುತ್ತಾರೆ: ಮೊದಲು ಕೇಳು, ವಿಷಯ ಹಿಡಿ, ಮಾತು ನಿಲ್ಲುವವರೆಗೆ ಕಾಯಿ, ಅವರದೇ ವಿಷಯದ ಮೇಲೆ ಒಂದು ಮಾತು ಸೇರಿಸು. ನನಗಂತೂ ಕಣ್ಣಲ್ಲಿ ನೀರೇ ಬಂತು, ಇದನ್ನು ಶಾಲೆಯಲ್ಲೇ ಹೇಳಬಾರದಿತ್ತಾ!

ಆದರೆ ಅಭ್ಯಾಸ ಎಲ್ಲಿ ಮಾಡೋದು? ನನಗೆ ದಾರಿ ಸಿಕ್ಕಿದ್ದು ದೊಡ್ಡಪ್ಪನ ಮನೆಯ ಅಡಿಕೆ ಸುಲಿಯುವ ಚಪ್ಪರದಲ್ಲಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದರ ತನಕ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಸುತ್ತ ಕೂತಿರುತ್ತಾರೆ, ಮಾತು ನಡೆದೇ ಇರುತ್ತದೆ, ಆದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ನೋಡಿದರೆ ಬೆರಳು ಹೋಗುತ್ತದೆ! ಕಣ್ಣಲ್ಲಿ ಕಣ್ಣಿಡುವ ಕಾಟ ತಪ್ಪಿದ ಮೇಲೆ ಕಿವಿಗೆ ಬಿಡುವು ಸಿಕ್ಕಿತು. ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ಹತ್ತು ಅಡಿಕೆ ಸುಲಿಯುವವರೆಗೆ ಸುಮ್ನೆ ಕೇಳುವುದು, ಆಮೇಲೆ ಒಂದೇ ಒಂದು ಮಾತು, ಮತ್ತೆ ಹತ್ತು ಅಡಿಕೆ. ಅತ್ತಿಗೆಗೆ ಮಾತ್ರ ಗುಟ್ಟು ಹೇಳಿದ್ದೆ. ನನ್ನ ಮಾತು ಉದ್ದವಾದರೆ ಒಂದು ಸಿಪ್ಪೆ ಬಂದು ನನ್ನ ಮೊಣಕಾಲಿಗೆ ಬೀಳುತ್ತಿತ್ತು. ಮೊದಲ ವಾರ ನನ್ನ ಮುಂದೆ ನಾನು ಸುಲಿದದ್ದಕ್ಕಿಂತ ಅತ್ತಿಗೆ ಎಸೆದ ಸಿಪ್ಪೆಯೇ ಜಾಸ್ತಿ ಇತ್ತು.

ಮೂರನೇ ಕೊಯ್ಲಿಗೆ ಎಣಿಸುವುದು ನಿಂತುಹೋಗಿತ್ತು. ನಿಂತದ್ದು ನನಗೇ ಗೊತ್ತಾಗಲಿಲ್ಲ.

ಮಿದುಳಿನೊಳಗೆ ಏನಾಗಿರಬಹುದು? ಪೀರ್ಸ್ ತರಬೇತಿ ಪಡೆದ ಆಟಿಸಂ ಇರುವ ಹದಿಹರೆಯದವರ ಮೇಲೆ ಅಮೆರಿಕದ ಮಾರ್ಕ್ವೆಟ್ ವಿಶ್ವವಿದ್ಯಾಲಯದ ಆಮಿ ವ್ಯಾನ್ ಹೆಕ್ ಮತ್ತು ಜೊತೆಗಾರರು ಮಾಡಿದ ಅಧ್ಯಯನವೊಂದು 2015ರಲ್ಲಿ ಅಚ್ಚಾಯಿತು. ತಲೆಗೆ ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ತಂತಿ ಅಂಟಿಸಿ ನೋಡಿದರೆ, ತರಬೇತಿಗೆ ಮೊದಲು ಬಲಭಾಗದಲ್ಲಿ ಜಾಸ್ತಿ ಇದ್ದ ಒಂದು ಬಗೆಯ ಅಲೆ ತರಬೇತಿ ಮುಗಿದ ಮೇಲೆ ಎಡಕ್ಕೆ ವಾಲಿತ್ತು. ಅಂದರೆ ಹದಿಹರೆಯದಲ್ಲೂ ಮಿದುಳು ಬಗ್ಗಬಲ್ಲದು ಅಂತ ಕಾಣುತ್ತದೆ. ನನ್ನ ತಲೆಗೆ ಯಾರೂ ತಂತಿ ಅಂಟಿಸಿಲ್ಲ, ಮೂವತ್ತು ದಾಟಿದವನ ಕಥೆ ಬೇರೆಯೇ ಇರಬಹುದು.

ನನಗೆ ಅನ್ನಿಸುವುದು ಹೀಗೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ ಬಂದ್ ಆದರೆ ನಾವು ಯಲ್ಲಾಪುರ, ಅಂಕೋಲಾ ಸುತ್ತಿ ಕುಮಟೆ ಸೇರುತ್ತೇವಲ್ಲ, ಹಾಗೆ. ಕುಮಟೆಯೇನೋ ಸಿಗುತ್ತದೆ, ಆದರೆ ಡೀಸೆಲ್ ಜಾಸ್ತಿ ಸುಡುತ್ತದೆ. ಒಂದು ಮದುವೆಮನೆಯಲ್ಲಿ ನಗುನಗುತ್ತಾ ಓಡಾಡಿ ಬಂದರೆ ಮರುದಿನ ಮಧ್ಯಾಹ್ನದವರೆಗೂ ಕತ್ತಲ ಕೋಣೆಯಲ್ಲಿ ಫ್ಯಾನೂ ಹಾಕದೆ ಮಲಗಿರುತ್ತೇನೆ. ಈಗೀಗ ಮದುವೆ ಇದ್ದರೆ ಮರುದಿನಕ್ಕೆ ಮೊದಲೇ ರಜೆ ಬರೆದಿಡುತ್ತೇನೆ. ‘ಎಷ್ಟು ಸುಧಾರಿಸಿದ್ದೀಯ’ ಅನ್ನುವವರಿಗೆ ಈ ಖರ್ಚು ಕಾಣುವುದಿಲ್ಲ.

ಇನ್ನೊಂದು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದರು, ಅರ್ಥವಾಗದಿರುವುದು ಎರಡೂ ಕಡೆಯಿಂದ ಅಂತ. ನಾನು ಎದುರಿನವರ ಮನಸ್ಸನ್ನು ಓದಲಾರೆ, ಸರಿ, ಅವರೂ ನನ್ನದನ್ನು ಓದಲಾರರು ಅಲ್ವಾ?

ಬಸ್ಸು ತಪ್ಪಿಸಿಕೊಂಡ ಮಾವ ಹೋದ ತಿಂಗಳು ಮನೆಗೆ ಬಂದಿದ್ದರು. ಕೈಕಾಲು ತೊಳೆದು, ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಕೂತರು. ‘ಎಂತಾ ಸುದ್ದಿ’ ಅನ್ನಲಿಲ್ಲ. “ತಮಾ, ಇವತ್ತು ಚಾಲಿ ಎಷ್ಟಕ್ಕೆ ಹೋತು?” ಅಂದರು.