ಗೀಸರ್ ಕಾಯಿಲ್ ಪರೀಕ್ಷಿಸಿ ಬದಲಾಯಿಸಿದ್ದು: ನನ್ನ ಅನುಭವ

ದೀಪ ಉರಿಯುತ್ತದೆ, ನೀರು ಮಾತ್ರ ತಣ್ಣಗೆ. ಮಲ್ಪೆಯ ನಮ್ಮ ಮನೆಯ 15 ಲೀಟರ್ ಗೀಸರಿನದ್ದು ಇದೇ ಕಥೆ. ರಿಪೇರಿಯವರು ಫೋನಿನಲ್ಲೇ "ಹೊಸತೇ ತಗೊಳ್ಳಿ ಮಾರಾಯ್ರೆ" ಅಂದುಬಿಟ್ಟರು. ಅಳೆದು ನೋಡದೆ ಯಾವುದನ್ನೂ ಬಿಸಾಡಬಾರದು ಅನ್ನುವವನು ನಾನು.

ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮುಚ್ಚಳ ಬಿಚ್ಚಿದೆ. ನೀರು ಕಾಯಿಸುವ ಕಾಯಿಲಿನ ವಯರು ಕಳಚಿ, ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಎರಡೂ ತುದಿಗೆ ಮುಟ್ಟಿಸಿದೆ. 230 ವೋಲ್ಟಿಗೆ 2000 ವ್ಯಾಟ್‌ನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಇಲ್ಲಿ ಮೀಟರಿನ ಪರದೆಯ ಎಡಗಡೆ ಬರೀ "1", ಅಂದರೆ ಒಳಗಿನ ತಂತಿಯೇ ತುಂಡು. ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಎರಡೂ ಸರಿಯಿದ್ದವು. ಓಮ್ ಸರಿ ಬಂದರೂ ಮೀಟರನ್ನು ಅತಿ ದೊಡ್ಡ ಓಮ್ ರೇಂಜಿಗೆ ತಿರುಗಿಸಿ, ಕಾಯಿಲಿನ ತುದಿಗೂ ಅದರ ಹೊರಕೊಳವೆಗೂ ನಡುವೆ ಒಮ್ಮೆ ನೋಡಿ. ಅಲ್ಲಿ ರೀಡಿಂಗ್ ಬಂದರೆ ಅರ್ಥ್ ಲೀಕ್, ಅಂದರೆ ಕರೆಂಟ್ ಹೊರಕೊಳವೆಗೆ ಸೋರುತ್ತಿದೆ. ಕರೆಂಟ್ ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಸ್ವಿಚ್ ಪದೇ ಪದೇ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನೀರು ಬಸಿದು, ಕಾಯಿಲ್ ಕೂತಿರುವ ಲೋಹದ ಬಿಲ್ಲೆ (ಫ್ಲ್ಯಾಂಜ್) ಎಳೆದಾಗ ಕಾಯಿಲ್ ಮೇಲೆ ಮರುವಾಯಿ ಚಿಪ್ಪಿನಂಥ ಬಿಳಿ ಪದರ, ಉಗುರಲ್ಲಿ ಕೆರೆದರೆ ಏಳದು. ಪಕ್ಕದ ಮೆಗ್ನೀಸಿಯಂ ರಾಡ್ ಕರಗಿ ನಡುವಿನ ಕಂಬಿಯಷ್ಟೇ ಉಳಿದಿತ್ತು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಕಡಲ ಬದಿಯ ಉಪ್ಪು ಬೋರ್‌ವೆಲ್ ನೀರಿಗೆ ಅದು ಬೇಗ ಮುಗಿಯುತ್ತದೆ.

ಅದೇ ವ್ಯಾಟಿನ, ಅದೇ ಫ್ಲ್ಯಾಂಜಿನ ಕಾಯಿಲ್, ಹೊಸ ರಾಡ್, ನೀರು ಜಿನುಗದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಬೇಕು, ಇಲ್ಲವಾದರೆ ಒಂದು ಕಡೆ ಜಿನುಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬಂದ ಮೇಲಷ್ಟೇ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಹಾಕಿದರೆ ಹೊಸ ಕಾಯಿಲೂ ಸುಟ್ಟೀತು. ವಯರಿನ ತುದಿ ಕಪ್ಪಾಗಿದ್ದರೆ ಕತ್ತರಿಸಿ ಹೊಸ ಲಗ್ (ತುದಿಗೆ ಕೂರಿಸುವ ಲೋಹದ ಕೊಂಡಿ) ಹಾಕಿ.