ಕನ್ನಡದಲ್ಲಿ ಟಿಪ್ಪಣಿ ಬರೆದು ಕ್ಲಾಟ್ ಅಂಕ ಏರಿಸಿಕೊಂಡ ಬಗೆ: ನನ್ನ ಅನುಭವ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯಬೇಕಾದ ಪ್ರವೇಶ ಪರೀಕ್ಷೆಯಾದ ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಹಾಗಾಗಿ ಅದಕ್ಕೆ ಓದುವವರು ಮೊದಲು ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕು ಎಂಬ ಮಾತನ್ನು ನಾನು ಎರಡು ವರ್ಷ ಎಲ್ಲರಿಂದಲೂ ಕೇಳಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ, ಆಮೇಲೆ ಅರಸೀಕೆರೆಯಲ್ಲಿ ಪಿಯುಸಿ ಕಲಾ ವಿಭಾಗದಲ್ಲಿ ಓದಿದ ನಾನು ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದೆ. 2023ರ ಡಿಸೆಂಬರಿನಲ್ಲಿ 120ಕ್ಕೆ ನಲವತ್ತರ ಆಸುಪಾಸಿನಲ್ಲಿದ್ದ ಅಂಕ 2024ರ ಡಿಸೆಂಬರ್ 1ರ ಪರೀಕ್ಷೆಯಲ್ಲಿ ಎಂಬತ್ತನ್ನು ದಾಟಿತು. ಹೊರರಾಜ್ಯದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟೂ ಸಿಕ್ಕಿತು. ವಕೀಲರಾದ ನಮ್ಮ ಸೋದರಮಾವನವರು, “ಪಿಯುಸಿ ಅಂಕದ ಮೇಲೆ ಇಲ್ಲೇ ಯಾವುದಾದರೂ ಲಾ ಕಾಲೇಜಿಗೆ ಸೇರಿಕೋ, ಈ ಪರೀಕ್ಷೆ ನಮ್ಮಂಥವರಿಗಲ್ಲ” ಎಂದಿದ್ದರು. ಈಗ ಅವರೇ ತಮ್ಮ ಕಕ್ಷಿದಾರರ ಮಕ್ಕಳನ್ನು ನನ್ನ ಹತ್ತಿರ ಕಳುಹಿಸುತ್ತಿದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಟ್ಟಿದ್ದೇನೆ. ಒಂದೆರಡು ಆಚೀಚೆ ಇದ್ದೀತು.

ಮೊದಲ ವರ್ಷ ಒಂದು ಆನ್‌ಲೈನ್ ಕೋಚಿಂಗಿಗೆ ಸುಮಾರು ಮೂವತ್ತೈದು ಸಾವಿರ ಕಟ್ಟಿದೆವು. ಅಪ್ಪ ಕೊಬ್ಬರಿ ಮಾರಿ ಬಂದ ಹಣದಲ್ಲಿ ಕೊಟ್ಟ ಮೊತ್ತ ಅದು. ತರಗತಿಗಳೇನೂ ಕೆಟ್ಟದಾಗಿರಲಿಲ್ಲ, ಆದರೆ ಅವು ಚಿಕ್ಕಂದಿನಿಂದ ಇಂಗ್ಲಿಷ್ ಪತ್ರಿಕೆ ಓದಿಕೊಂಡು ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ತರಗತಿಗಳಾಗಿದ್ದವು. ದಿನಕ್ಕೆ ಮೂವತ್ತು ಹೊಸ ಪದ ಬಾಯಿಪಾಠ ಮಾಡಿಸಿದರು. ಪ್ಯಾಸೇಜಿನ, ಅಂದರೆ ಪ್ರಶ್ನೆಗಳಿಗೆ ಆಧಾರವಾಗಿ ಕೊಡುವ ಗದ್ಯಭಾಗದ, ಅರ್ಥವನ್ನು ಸಂದರ್ಭದಿಂದ ಹಿಡಿಯಬೇಕಾದ ಪರೀಕ್ಷೆಯಲ್ಲಿ ಆ ಪದಗಳಿಂದ ನನಗೆ ಬಂದ ಅಂಕ ಒಂದೋ ಎರಡೋ. ಬೇಗ ಓದುವ ಅಭ್ಯಾಸವೆಂದು ಬೆರಳಿಟ್ಟು ಸಾಲಿನ ಮೇಲೆ ಓಡಿಸುವ ಕಸರತ್ತನ್ನೂ ಎರಡು ತಿಂಗಳು ಮಾಡಿದೆ. ವೇಗ ಹೆಚ್ಚಿತು, ಆದರೆ ಓದಿದ್ದು ತಲೆಯಲ್ಲಿ ನಿಲ್ಲದೆ ಪ್ರತಿ ಪ್ರಶ್ನೆಗೂ ಪ್ಯಾಸೇಜನ್ನು ಹಿಂದಿರುಗಿ ನೋಡಬೇಕಾಗಿದ್ದರಿಂದ ಒಟ್ಟು ಸಮಯ ಮೊದಲಿಗಿಂತ ಜಾಸ್ತಿಯೇ ಆಯಿತು.

ಲೆಕ್ಕ ಹಾಕಿ ನೋಡಿದಾಗಲೇ ನನಗೆ ವಿಷಯ ಸ್ಪಷ್ಟವಾದದ್ದು. 450 ಪದಗಳವರೆಗಿನ ಪ್ಯಾಸೇಜುಗಳು ಇಪ್ಪತ್ತಕ್ಕೂ ಹೆಚ್ಚು ಬರುತ್ತವೆ, ಅಂದರೆ ಹತ್ತು ಸಾವಿರ ಪದಗಳ ಸಮೀಪ. ನಿಮಿಷಕ್ಕೆ ನೂರೈವತ್ತು ಪದ ಓದುವವರಿಗೆ ಪ್ಯಾಸೇಜುಗಳಿಗೇ ಒಂದು ತಾಸು ದಾಟುತ್ತದೆ. ಎರಡು ತಾಸಿನ ಪರೀಕ್ಷೆಯಲ್ಲಿ ಉಳಿದ ಸಮಯದಲ್ಲಿ 120 ಪ್ರಶ್ನೆಗಳನ್ನು ಓದಬೇಕು, ಯೋಚಿಸಬೇಕು, ಉತ್ತರದ ಗುಳ್ಳೆಗಳಿರುವ ಓಎಂಆರ್ ಹಾಳೆ ತುಂಬಬೇಕು. ಕಣ್ಣಿನ ವೇಗವನ್ನು ಇದಕ್ಕಿಂತ ಬಹಳ ಹೆಚ್ಚಿಸಲು ನನ್ನಿಂದ ಆಗುವಂತಿರಲಿಲ್ಲ. ವಿಷಯ ಮೊದಲೇ ಗೊತ್ತಿದ್ದರೆ ಮಾತ್ರ ಅದೇ ಪ್ಯಾಸೇಜು ಅರ್ಧ ಸಮಯದಲ್ಲಿ ಮುಗಿಯುತ್ತದೆ ಎಂಬುದನ್ನು ಮಾಕ್‌ಗಳಲ್ಲಿ, ಅಂದರೆ ಅಭ್ಯಾಸದ ಮಾದರಿ ಪರೀಕ್ಷೆಗಳಲ್ಲಿ, ಗಮನಿಸಿದ್ದೆ. ವಿಷಯವನ್ನು ಮೊದಲೇ ತಿಳಿಯಲು ನನಗೆ ಅತ್ಯಂತ ಬೇಗದ ದಾರಿ ಕನ್ನಡವೇ ಆಗಿತ್ತು.

ಹಾಗಾಗಿ ಎರಡನೆಯ ವರ್ಷ ಬೆಳಿಗ್ಗೆ ಪ್ರಜಾವಾಣಿಯ ಸಂಪಾದಕೀಯ ಮತ್ತು ಅದರ ಹಿನ್ನೆಲೆಯ ಸುದ್ದಿಯನ್ನು ಓದಿ, ಮಧ್ಯಾಹ್ನ ಅದೇ ವಿಷಯದ ಬಗ್ಗೆ ದಿ ಹಿಂದೂ ಪತ್ರಿಕೆ ಬರೆದಿದ್ದನ್ನು ಓದುವ ಕ್ರಮ ಇಟ್ಟುಕೊಂಡೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಓದಬಾರದು, ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಇಲ್ಲವಾದರೆ ಇಂಗ್ಲಿಷನ್ನು ಓದದೆ ಕಣ್ಣಾಡಿಸಿ ಬಿಟ್ಟುಬಿಡುತ್ತೇವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6–1ರ ಬಹುಮತದಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯನ್ನು ಒಪ್ಪಿ, ಅದು ಸಲ್ಲದು ಎಂದಿದ್ದ 2004ರ ಚಿನ್ನಯ್ಯ ಪ್ರಕರಣದ ತೀರ್ಪನ್ನು ತಳ್ಳಿಹಾಕಿತಲ್ಲ, ಆಗ ಈ ಕ್ರಮದ ಬೆಲೆ ಗೊತ್ತಾಯಿತು. ಸದಾಶಿವ ಆಯೋಗದ ಕಾಲದಿಂದ ಕನ್ನಡ ಪತ್ರಿಕೆಗಳು ಈ ವಿಷಯವನ್ನು ಎಷ್ಟು ವಿವರವಾಗಿ ಬರೆಯುತ್ತ ಬಂದಿವೆಯೆಂದರೆ, ಇಂಗ್ಲಿಷಿನಲ್ಲಿ ಬಂದ ಯಾವ ವಿಶ್ಲೇಷಣೆಯೂ ನನಗೆ ಹೊಸದೆನಿಸಲಿಲ್ಲ. ಆ ತೀರ್ಪಿನ ಮೇಲಿನ ಪ್ಯಾಸೇಜು ಮಾಕ್‌ನಲ್ಲಿ ಬಂದಾಗ ಆರೂ ಪ್ರಶ್ನೆಗಳನ್ನು ಮೂರು ನಿಮಿಷದೊಳಗೆ ಮುಗಿಸಿದೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಓದುತ್ತಿದ್ದ ಗೆಳತಿಗೆ ಅದೇ ಪ್ಯಾಸೇಜಿನಲ್ಲಿ ಮೂರು ತಪ್ಪಿದ್ದವು.

ಅಷ್ಟೇ ಲಾಭವಾದದ್ದು ಕಾನೂನು ತತ್ತ್ವಗಳನ್ನು ಅನ್ವಯಿಸುವ ಲೀಗಲ್ ವಿಭಾಗದಲ್ಲಿ. ಪ್ಯಾಸೇಜಿನಲ್ಲಿ ತತ್ತ್ವ ಸಿಕ್ಕ ಕೂಡಲೇ ಅದರ ಷರತ್ತುಗಳನ್ನು ಅಂಚಿನಲ್ಲಿ ಕನ್ನಡದಲ್ಲಿ, ಒಂದೆರಡು ಪದಗಳಲ್ಲಿ ಬರೆಯುತ್ತಿದ್ದೆ. ಕಳ್ಳತನದ ಪ್ಯಾಸೇಜು ಬಂತೆನ್ನಿ: ಅಪ್ರಾಮಾಣಿಕ ಉದ್ದೇಶ, ಚರವಸ್ತು, ಇನ್ನೊಬ್ಬರ ಸ್ವಾಧೀನ, ಒಪ್ಪಿಗೆ ಇಲ್ಲ, ಕದಲಿಸಿದ್ದು. ಪ್ರಶ್ನೆಯಲ್ಲಿ ಒಬ್ಬಾತ ತನ್ನ ಗಡಿಯಾರವನ್ನು ರಿಪೇರಿಗೆ ಕೊಟ್ಟಿರುತ್ತಾನೆ. ರಿಪೇರಿಯವನು ಕೂಲಿ ಬರುವವರೆಗೆ ಅದನ್ನು ಕಾನೂನುಬದ್ಧವಾಗಿಯೇ ಇಟ್ಟುಕೊಂಡಿರುತ್ತಾನೆ. ಇವನು ಬಾಕಿ ತಪ್ಪಿಸಲೆಂದು ಗಡಿಯಾರವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುತ್ತಾನೆ. ತನ್ನ ವಸ್ತುವನ್ನು ತಾನೇ ಹೇಗೆ ಕದಿಯಲು ಸಾಧ್ಯ ಎಂದು ಲೋಕರೂಢಿಯಂತೆ ಯೋಚಿಸಿದವರು ‘ಕಳ್ಳತನವಲ್ಲ’ ಎಂದು ಗುರುತು ಹಾಕುತ್ತಾರೆ. ಅಂಚಿನ ಐದು ಅಂಶಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತ ಹೋದರೆ ಐದೂ ತುಂಬುತ್ತವೆ, ಎಲ್ಲಿಯೂ ಒಡೆತನದ ಷರತ್ತೇ ಇಲ್ಲ. ಆದ್ದರಿಂದ ಅದು ಕಳ್ಳತನವೇ. ಇದಕ್ಕೆ ಐಪಿಸಿಯ ಕಲಂ ಆಗಲಿ, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ ಆಗಲಿ ನೆನಪಿರಬೇಕಾಗಿಲ್ಲ. ‘ಮತ್ತು’, ‘ಅಥವಾ’, ‘ಹೊರತು’ ಈ ಮೂರಕ್ಕೆ ನಾನು ಬೇರೆ ಬೇರೆ ಗುರುತುಗಳನ್ನು ಮಾಡಿಕೊಂಡಿದ್ದೆ, ಏಕೆಂದರೆ ನನ್ನ ತಪ್ಪು ಉತ್ತರಗಳಲ್ಲಿ ಅರ್ಧಕ್ಕರ್ಧ ‘ಹೊರತು’ ಇರುವ ವಾಕ್ಯಗಳಿಂದಲೇ ಬರುತ್ತಿದ್ದವು. ಎರಡು ಭಾಷೆಗಳ ನಡುವೆ ಓಡಾಡಿದರೆ ಸಮಯ ಹಾಳಾಗುತ್ತದೆ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಆಕ್ಷೇಪಿಸಿದ್ದರು. ಗಡಿಯಾರವಿಟ್ಟು ಅಳೆದು ತೋರಿಸಿದೆ: ಟಿಪ್ಪಣಿಗೆ ಹಿಡಿಯುತ್ತಿದ್ದುದು ಹತ್ತು ಹದಿನೈದು ಸೆಕೆಂಡು, ಪ್ಯಾಸೇಜಿಗೆ ಮತ್ತೆ ಹಿಂದಿರುಗುವುದು ತಪ್ಪಿದ್ದರಿಂದ ಉಳಿಯುತ್ತಿದ್ದುದು ಒಂದು ನಿಮಿಷಕ್ಕೂ ಹೆಚ್ಚು.

ಊಹೆಯ ಉತ್ತರಗಳ ಮೇಲೂ ಒಂದು ಪ್ರಯೋಗ ನಡೆಸಿದೆ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತವಿರುವಾಗ, ನಾಲ್ಕು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಿ ಎರಡಕ್ಕೆ ಇಳಿಸಿದ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾದರೂ ಒಂದೂವರೆ ಅಂಕ ಕೈಗೆ ಬರುತ್ತದೆ. ಏನೂ ತಿಳಿಯದ ನಾಲ್ಕರಲ್ಲಿ ಒಂದು ಸರಿಯಾದರೂ ಕಾಲು ಅಂಕದ ಲಾಭವೇ. ಊಹಿಸಿದ ಪ್ರತಿ ಪ್ರಶ್ನೆಯ ಪಕ್ಕ ಒಂದು ಚುಕ್ಕೆ ಇಟ್ಟು, ಮಾಕ್ ಮುಗಿದ ಮೇಲೆ ಚುಕ್ಕೆಯವನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕತೊಡಗಿದೆ. ಎರಡಕ್ಕೆ ಇಳಿಸಿದವು ಹತ್ತಕ್ಕೆ ಆರರಂತೆ ಸರಿಯಾಗುತ್ತಿದ್ದವು. ಲೀಗಲ್ಲಿನಲ್ಲಿ ಕುರುಡಾಗಿ ಹಾಕಿದವು ಮಾತ್ರ ಹತ್ತಕ್ಕೆ ಎರಡೂ ಸರಿಯಾಗುತ್ತಿರಲಿಲ್ಲ, ಏಕೆಂದರೆ ಆಕರ್ಷಕವಾಗಿ ಕಾಣುವ ಆಯ್ಕೆಯನ್ನು ಅಲ್ಲಿ ಬೇಕೆಂದೇ ಇಟ್ಟಿರುತ್ತಾರೆ. ಲೀಗಲ್ಲಿನ ಕುರುಡು ಊಹೆಯನ್ನು ಕೈಬಿಟ್ಟೆ, ಉಳಿದದ್ದನ್ನು ಮುಂದುವರಿಸಿದೆ. ಈ ಒಂದು ಬದಲಾವಣೆಯಿಂದಲೇ ಮಾಕ್‌ನಲ್ಲಿ ನಾಲ್ಕೈದು ಅಂಕ ಏರಿದವು.

ಪರೀಕ್ಷೆ ಮಧ್ಯಾಹ್ನ 2ರಿಂದ 4ರವರೆಗೆ ಇರುವುದರಿಂದ ಮಾಕ್‌ಗಳನ್ನೂ ಅದೇ ಹೊತ್ತಿನಲ್ಲಿ ಊರಿನ ಗ್ರಂಥಾಲಯದಲ್ಲಿ ಕುಳಿತು ಬರೆಯುತ್ತಿದ್ದೆ. ಅನ್ನ ಉಂಡು ಕೂತ ದಿನ ಮೂರು ಗಂಟೆಗೆ ಕಣ್ಣು ಎಳೆಯುತ್ತಿತ್ತು. ಹನ್ನೆರಡಕ್ಕೆ ಸಣ್ಣದೊಂದು ಮುದ್ದೆ ಉಂಡ ದಿನಗಳಲ್ಲಿ ಕೊನೆಯ ಅರ್ಧ ಗಂಟೆಯ ತಪ್ಪುಗಳು ಕಡಿಮೆಯಾಗಿದ್ದವು. ಒಂದು ತಿಂಗಳು ಬರೆದಿಟ್ಟುಕೊಂಡೇ ಹೇಳುತ್ತಿದ್ದೇನೆ. ಮೊಬೈಲಿನಲ್ಲಿ ಮಾಕ್ ಬರೆಯುವುದರಿಂದ ಪ್ರಯೋಜನವಿಲ್ಲ. ಪ್ರಶ್ನೆಪತ್ರಿಕೆಯನ್ನೂ ಓಎಂಆರ್ ಹಾಳೆಯನ್ನೂ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು, ಒಂದೊಂದು ಪ್ಯಾಸೇಜು ಮುಗಿದಂತೆ ಆ ಐದಾರು ಗುಳ್ಳೆಗಳನ್ನು ಬಾಲ್‌ಪೆನ್ನಿನಲ್ಲಿ ತುಂಬಬೇಕು. ಎಲ್ಲವನ್ನೂ ಕೊನೆಗೆ ಉಳಿಸಿಕೊಂಡರೆ ಏಳೆಂಟು ನಿಮಿಷ ಒಟ್ಟಿಗೆ ಹೋಗುತ್ತದೆ.

ಕ್ವಾಂಟ್‌ಗೆ, ಅಂದರೆ ಗಣಿತದ ವಿಭಾಗಕ್ಕೆ, ಏಳು ಮತ್ತು ಎಂಟನೆಯ ತರಗತಿಯ ಕನ್ನಡ ಗಣಿತ ಪುಸ್ತಕಗಳಲ್ಲಿ ಶೇಕಡ, ಅನುಪಾತ, ಲಾಭ–ನಷ್ಟದ ಅಧ್ಯಾಯಗಳನ್ನು ಮತ್ತೆ ಮಾಡಿದೆ. ಹನ್ನೆರಡರ ಆಸುಪಾಸಿನ ಪ್ರಶ್ನೆಗಳಲ್ಲಿ ಎಂಟು ಸರಿಯಾದರೆ ನಮ್ಮಂಥ ಕಲಾ ವಿಭಾಗದವರಿಗೆ ಸಾಕು. ಲಾಜಿಕಲ್ ವಿಭಾಗದ ಬಗ್ಗೆ ಹೇಳುವಂಥ ವಿಶೇಷವೇನೂ ನನ್ನಲ್ಲಿಲ್ಲ, ಹಳೆಯ ಪ್ರಶ್ನೆಪತ್ರಿಕೆಗಳೇ ಗುರು.

ಎರಡನೆಯ ವರ್ಷದ ಖರ್ಚು: ಪತ್ರಿಕೆಗಳಿಗೆ ನಾಲ್ಕು ಸಾವಿರ, ಮುದ್ರಣ ಮತ್ತು ಝೆರಾಕ್ಸ್‌ಗೆ ಮೂರು ಸಾವಿರ, ಮಾಕ್ ಸರಣಿಗೆ ಐದು ಸಾವಿರದಷ್ಟು, ಅರ್ಜಿಗೆ ನಾಲ್ಕು ಸಾವಿರ. ಕೋಚಿಂಗಿಗೆ ಕೊಟ್ಟದ್ದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್ (ಸೀಟು ಹಂಚಿಕೆ) ನೋಂದಣಿಗೆಂದು ಸಾಮಾನ್ಯ ವರ್ಗದವರು 30,000 ರೂಪಾಯಿಯನ್ನು ಕೆಲವೇ ದಿನಗಳಲ್ಲಿ ಕಟ್ಟಬೇಕು. ಈ ಹಣವನ್ನು ನವೆಂಬರಿನಲ್ಲೇ ಬೇರೆ ಇಟ್ಟುಕೊಂಡಿರಿ. ನಮ್ಮ ವರ್ಷ ಪರೀಕ್ಷೆಯ ಅಧಿಕೃತ ಉತ್ತರಗಳೇ ತಪ್ಪು ಎಂಬ ವಿವಾದ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ ತಿಂಗಳವರೆಗೆ ಎಲ್ಲವೂ ನಿಂತುಹೋಗಿತ್ತು. ಆ ಅವಧಿಯಲ್ಲಿ ರಾಜ್ಯದ ಲಾ ಕಾಲೇಜುಗಳ ಅರ್ಜಿಗಳನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ, ನೀವೂ ಹಾಗೆಯೇ ಮಾಡಿ.

ಐದು ವಿಭಾಗಗಳನ್ನು ಯಾವ ಕ್ರಮದಲ್ಲಿ ಬರೆದೆ, ಕೊನೆಯ ಇಪ್ಪತ್ತು ನಿಮಿಷವನ್ನು ಹೇಗೆ ಹಂಚಿದೆ ಎಂದು ಹಲವರು ಕೇಳಿದ್ದಾರೆ. ನನ್ನ ತಂಗಿ ಮುಂದಿನ ಡಿಸೆಂಬರಿನಲ್ಲಿ ಪರೀಕ್ಷೆ ಬರೆಯುವವಳಿದ್ದಾಳೆ. ಅವಳದು ಮುಗಿಯುವವರೆಗೆ ಅದನ್ನು ಹೇಳುವುದಿಲ್ಲ.